ಅತ್ತೆಯ ಕೈಗೆ ಸಿಕ್ಕ ಮಂಡಿ

ಊರಿಗೆಲ್ಲ ಬೀಗ ಬೀಳುವ ಹಿಂದಿನ ದಿನ ಕಂಡಕ್ಟರಮ್ಮ ಬಿದ್ದಳು. ಹತ್ತೊಂಬತ್ತು ವರ್ಷ ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತವಳು, ನಿಂತ ಬಸ್ಸಿನಿಂದ ಇಳಿಯುವಾಗ ಜಾರಿದಳು. ನಗುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಬಲಗಾಲಿನ ಮಂಡಿಚಿಪ್ಪು ಎರಡು ಹೋಳು. ಆಸ್ಪತ್ರೆಯವರು ತಂತಿ ಹಾಕಿ ಬಿಗಿದು, ಕಾಲನ್ನು ಉದ್ದಕ್ಕೆ ನೀಡಿಸಿ ಪ್ಲಾಸ್ಟರ್ ಸುತ್ತಿ, ಬೇಗ ಬೇಗ ಮನೆಗೆ ಕಳಿಸಿದರು. ಅವರಿಗೆ ಹಾಸಿಗೆಗಳು ಬೇಕಾಗಿದ್ದವು.

"ಇಡೀ ಊರಿಗೇ ರಜೆ ಸಿಕ್ಕಿದೆ. ನಿನ್ನ ಕಾಲಿಗೂ ಸಿಕ್ತು ಅಂದ್ಕೋ" ಎಂದ ಗಂಡ. ಅವಳ ಬಸ್ಸಿನ ಡ್ರೈವರ್ ಅವನೇ. ಹಗಲೆಲ್ಲ ಬಸ್ಸಿನಲ್ಲಿ, ಮಿಕ್ಕ ಹೊತ್ತು ಮನೆಯಲ್ಲಿ ಒಟ್ಟಿಗೇ ಇದ್ದೂ ಜಗಳವಾಡದ ಜೋಡಿ ಎಂದು ಡಿಪೋದಲ್ಲಿ ಇಬ್ಬರಿಗೂ ಹೆಸರು. ಜಗಳವಾಡಲು ಬಸ್ಸಿನ ಸದ್ದು ಎಡೆ ಕೊಡುತ್ತಿರಲಿಲ್ಲ, ಅಷ್ಟೇ.

ಐದು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದಾಗ ಒಳಗಿದ್ದದ್ದು ಕಾಲಲ್ಲ, ಕೋಲು. ಮಡಚಲು ನೋಡಿದರೆ ಮಂಡಿ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ವ್ಯಾಯಾಮ ಮಾಡಿಸುವ ವಿಭಾಗಕ್ಕೆ ಬೀಗ ಹಾಕಿ ಅಲ್ಲಿ ಜ್ವರದವರನ್ನು ಮಲಗಿಸಿದ್ದರು. ಹಾಗಾಗಿ ವ್ಯಾಯಾಮದ ಮೇಡಂ ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ಬಂದು ಪಾಠ ಹೇಳತೊಡಗಿದರು. ಅವರು ಹೇಳಿದ್ದು ಇಷ್ಟು: ಆರು ವಾರದೊಳಗೆ ಮಂಡಿ ತೊಂಬತ್ತು ಡಿಗ್ರಿ ಮಡಚಬೇಕು. ಕುರ್ಚಿಯಲ್ಲಿ ಕೂತರೆ ಪಾದ ಮಂಡಿಯ ನೇರ ಕೆಳಗೆ ಬರಬೇಕು. ಬರದಿದ್ದರೆ ಎಲ್ಲಿ ನಿಂತಿತೋ ಅಲ್ಲೇ ಜೀವಮಾನವಿಡೀ.

ಅದೇ ವಾರ ಡಿಪೋದಿಂದಲೂ ಒಂದು ಸಂದೇಶ ಬಂತು. ಬಸ್ಸು ಮತ್ತೆ ಶುರುವಾಗುವ ಮೊದಲು ಪೆಟ್ಟಾದವರಿಗೆಲ್ಲ ಪರೀಕ್ಷೆ. ನೆಲದಿಂದ ಒಂದೂಕಾಲು ಅಡಿ ಮೇಲಿರುವ ಬಸ್ಸಿನ ಮೊದಲ ಮೆಟ್ಟಿಲನ್ನು ಪೆಟ್ಟಾದ ಕಾಲು ಮುಂದಿಟ್ಟು ಹತ್ತಬೇಕು. ಆಗದವರಿಗೆ ಡಿಪೋದ ಹಿಂದಿನ ಕೋಣೆ. ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ, ಒಂಟಿ ಚಪ್ಪಲಿಗಳಿಗೆ ಚೀಟಿ ಅಂಟಿಸುವ ಕೆಲಸ. ಕಂಡಕ್ಟರಮ್ಮ ಆ ಕೋಣೆಯನ್ನು ನೋಡಿದ್ದಳು. ಅಲ್ಲಿ ಒಂದೇ ಕಿಟಕಿ, ಅದರಾಚೆ ಗೋಡೆ. "ಸತ್ತರೂ ನಾನು ಕೊಡೆ ಕಾಯಲ್ಲ" ಎಂದು ಅವಳು ಫೋನನ್ನು ಹಾಸಿಗೆಯ ಮೇಲೆ ಒಗೆದಳು.

ಕೆಲಸ ಅವತ್ತೇ ಶುರುವಾಯಿತು. ಅವಳು ಕುರ್ಚಿಯಲ್ಲಿ ಕೂರುವುದು, ಗಂಡ ನೆಲದಲ್ಲಿ ಕೂತು ಅವಳ ಹಿಮ್ಮಡಿಯನ್ನು ಹಿಂದಕ್ಕೆ ಒತ್ತುವುದು, ಎಲ್ಲಿಗೆ ಬಂತೋ ಅಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಮುಟ್ಟಬೇಕಾದ ಗೆರೆಯನ್ನು ಮೊದಲೇ ಕೆಂಪು ಸೀಮೆಸುಣ್ಣದಲ್ಲಿ ಎಳೆದಾಗಿತ್ತು. ನೋವು ಬಂದಾಗ ಏನು ಮಾಡುವುದು ಎಂಬ ಪ್ರಶ್ನೆ ಬಂತು. ಮನೆಯಲ್ಲಿ ಕೂತವರು ಹೆಂಡಿರನ್ನು ಹೊಡೆಯುತ್ತಿದ್ದಾರೆಂದು ಟಿವಿಯವರು ದಿನಾ ಬಾಯಿ ಬಡಿದುಕೊಳ್ಳುತ್ತಿದ್ದ ಕಾಲ. ಗೋಡೆಯಾಚೆಯವರು ಇವಳ ಬೊಬ್ಬೆ ಕೇಳಿ ಪೊಲೀಸರನ್ನು ಕರೆದರೆ ಡ್ರೈವರನ ಮರ್ಯಾದೆ ಮೂರಾಬಟ್ಟೆ. ಅದಕ್ಕೆ ಅವಳು ತನ್ನ ಕೆಲಸದ ಸೀಟಿಯನ್ನೇ ಬಾಯಲ್ಲಿಟ್ಟುಕೊಂಡಳು. ಎರಡು ಸಲ ಊದಿದರೆ ಹೋಗು, ಒಂದು ಸಲ ಊದಿದರೆ ನಿಲ್ಲು. ಹೊಸದಾಗಿ ಕಲಿಯುವಂಥದ್ದೇನೂ ಇಲ್ಲವಲ್ಲ ಎಂದು ಇಬ್ಬರಿಗೂ ಖುಷಿ.

ಮೊದಲ ಎರಡು ವಾರ ಗೆರೆಗಳು ಚೆನ್ನಾಗಿಯೇ ಸರಿದವು. ಮೂರನೆಯ ವಾರದ ಮೊದಲಲ್ಲೇ ನಿಧಾನವಾದವು. ಆಮೇಲೆ ಒಂಬತ್ತು ದಿನ ಒಂದೇ ಗೆರೆಯ ಮೇಲೆ ಗೆರೆ ಬಿದ್ದು ಅದು ಹಗ್ಗದಷ್ಟು ದಪ್ಪವಾಯಿತು. ಕೆಂಪು ಗೆರೆ ಇನ್ನೂ ಒಂದು ಗೇಣು ದೂರ.

ನಾಲ್ಕನೆಯ ವಾರದ ಪಾಠದಲ್ಲಿ ಮೇಡಂ, "ಈಗ ಮಾಡಿ ತೋರಿಸಿ, ನೋಡೋಣ" ಎಂದರು. ಗಂಡ ಒತ್ತಿದ. ಹಿಮ್ಮಡಿ ದಪ್ಪ ಗೆರೆಗೆ ಬಂದದ್ದೇ ತಡ, ಸೀಟಿ ಕೂಗಿತು. ಅವನ ಕೈ ಬ್ರೇಕ್ ತುಳಿದಂತೆ ನಿಂತಿತು.

"ಅದೇನು ಸದ್ದು?"

ಇಬ್ಬರೂ ಹೆಮ್ಮೆಯಿಂದ ಹೇಳಿಕೊಂಡರು. ಪರದೆಯಲ್ಲಿ ಮೇಡಂ ಹಣೆ ಚಚ್ಚಿಕೊಂಡರು.

"ಅಯ್ಯೋ, ನೋವು ಬಂದಲ್ಲಿ ನಿಲ್ಲಿಸೋದಾದ್ರೆ ನಾನ್ಯಾಕಮ್ಮ ಬೇಕು? ನೋವು ಶುರುವಾದ ಮೇಲೇ ಅಲ್ವಾ ವ್ಯಾಯಾಮ ಶುರುವಾಗೋದು! ಅಲ್ಲಿಂದ ಒಂದು ಬೆರಳು ಮುಂದೆ ಹೋಗಿ ಹತ್ತು ಎಣಿಸಬೇಕು. ಮೂಳೆ ಕೂಡಿದೆ, ಒಡೆಯಲ್ಲ. ಇನ್ನು ಎರಡೇ ವಾರ ಇರೋದು."

ಹತ್ತೊಂಬತ್ತು ವರ್ಷದ ಅಭ್ಯಾಸ ಇಬ್ಬರ ಕಾಲಿಗೂ ಕೊಡಲಿಯಾಗಿತ್ತು. ನೋವಾದರೆ ಊದುವುದು ಅವಳಿಗೆ ಉಸಿರಾಡಿದಷ್ಟು ಸಹಜ. ಊದಿದರೆ ನಿಲ್ಲಿಸುವುದು ಅವನಿಗೆ ರಕ್ತದಲ್ಲೇ ಬಂದಿತ್ತು. ಅವಳು ಸೀಟಿಯನ್ನು ಉಗುಳಿ ಡಬ್ಬಿಯೊಳಗೆ ಹಾಕಿದಳು. ಮರುದಿನ ಸೀಟಿ ಇಲ್ಲದೆ ಕೂತರು. ಅವಳ ಹಣೆ ಗಂಟಿಕ್ಕಿದ ಕೂಡಲೇ ಅವನು ಕೈ ಬಿಟ್ಟ.

"ಒತ್ರೀ!"

"ನೋಯ್ತಿದೆ ನಿಂಗೆ."

"ನೋಯ್ಲಿ ಅಂತಾನೇ ಅಲ್ವಾ ಕೂತಿರೋದು?"

ಮುಖಕ್ಕೆ ದಿಂಬು ಮುಚ್ಚಿಕೊಂಡು ಕೂತಳು. ಆಗಲೂ ಅವನು ಅವಳ ಉಸಿರು ಕೇಳಿ ನಿಲ್ಲಿಸಿದ. ಮೂರನೆಯ ದಿನ ನೆಲದಲ್ಲೇ ಕೂತು ಅತ್ತುಬಿಟ್ಟ. "ನನ್ನ ಕೈಲಿ ಆಗಲ್ಲ ಕಣೇ. ನಿನಗೆ ನೋವು ಮಾಡೋಕೆ ಈ ಕೈಗೆ ಬರಲ್ಲ." ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು, ತಲೆಗೊಂದು ಮೊಟಕಬೇಕು ಎಂದೂ ಅನ್ನಿಸಿತು. ಹನ್ನೊಂದು ದಿನ ಉಳಿದಿದ್ದವು.

ಬಾಗಿಲಲ್ಲಿ ಅತ್ತೆ ನಿಂತಿದ್ದಳು.

ಅತ್ತೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಮನೆಯಲ್ಲಿ ದುಡಿದು ನಿವೃತ್ತಳಾದವಳು. ಯಂತ್ರಗಳ ಸದ್ದಿಗೆ ಕಿವಿ ಹೋಗಿತ್ತು, ಈಗ ಕಿವಿಗೆ ಸಿಕ್ಕಿಸುವ ಯಂತ್ರದಲ್ಲೇ ಕೇಳಿಸಬೇಕು. ಎಡಗೈ ಮೊಣಕೈಯಲ್ಲಿ ಮಡಚಿಕೊಂಡೇ ಇರುತ್ತಿತ್ತು, ನೇರವಾಗುತ್ತಿರಲಿಲ್ಲ. ಅದು ಹುಟ್ಟಿನಿಂದಲೇ ಹಾಗೆ ಎಂದು ಸೊಸೆ ತಿಳಿದಿದ್ದಳು. ಕೇಳುವಷ್ಟು ಸಲಿಗೆ ಇರಲಿಲ್ಲ. ಅತ್ತೆ ಸೊಸೆಯ ನಡುವೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬೈಗುಳವಿಲ್ಲ, ಮಾತೂ ಇಲ್ಲ. ಲಾಕ್‌ಡೌನ್ ಬಂದ ಮೇಲೆ ಎರಡು ಕೋಣೆಯ ಮನೆಯಲ್ಲಿ ಒಬ್ಬರನ್ನೊಬ್ಬರು ಬಳಸಿಕೊಂಡು ಓಡಾಡುವುದನ್ನು ಇಬ್ಬರೂ ಕಲಿತಿದ್ದರು.

"ನೀನು ಎದ್ದು ಹೊರಗೆ ಹೋಗಪ್ಪ" ಎಂದಳು ಅತ್ತೆ ಮಗನಿಗೆ.

"ಅಮ್ಮಾ, ನೀನು..."

"ಹೋಗು ಅಂದೆ."

ಅವನು ಹೋದ. ಅತ್ತೆ ಬಾಗಿಲು ಮುಂದೆ ಮಾಡಿ, ಕಿವಿಯ ಯಂತ್ರವನ್ನು ತೆಗೆದು ಮೇಜಿನ ಮೇಲಿಟ್ಟಳು. "ಈಗ ಎಷ್ಟು ಬೇಕಾದ್ರೂ ಕೂಗು, ನಂಗೆ ಕೇಳಲ್ಲ. ಪೊಲೀಸರು ಬಂದ್ರೆ ನಾನೇ ಮಾತಾಡ್ತೀನಿ." ಸಣ್ಣ ಮಣೆ ಎಳೆದುಕೊಂಡು ಕೂತಳು. ಮಡಚಿದ ಎಡಗೈಯನ್ನು ಸೊಸೆಯ ತೊಡೆಗೆ ಕೊಕ್ಕೆಯಂತೆ ಸಿಕ್ಕಿಸಿದಳು. ಬಲಗೈಯಲ್ಲಿ ಕಾಲ್ಗಂಟು ಹಿಡಿದಳು. ನೆನೆದ ಹಾಸುಬಟ್ಟೆಗಳನ್ನು ವರ್ಷಾನುಗಟ್ಟಲೆ ಹಿಂಡಿದ ಕೈ.

ಹಿಮ್ಮಡಿ ದಪ್ಪ ಗೆರೆಗೆ ಬಂತು. ಸೊಸೆ ಕಿರುಚಿದಳು. ಕೈ ನಿಲ್ಲಲಿಲ್ಲ. ಇಷ್ಟು ದಿನ ದಾಟದ ಗೆರೆಯನ್ನು ಹಿಮ್ಮಡಿ ದಾಟಿತು. ಸೊಸೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಳು, ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಇಷ್ಟು ವರ್ಷ ನುಂಗಿಕೊಂಡದ್ದೂ ಅದರಲ್ಲಿ ಸೇರಿತ್ತು. ಅತ್ತೆ ತಲೆ ತಗ್ಗಿಸಿ ಒಂದು, ಎರಡು ಎಂದು ಎಣಿಸುತ್ತಿದ್ದಳು. ಆರು ಎಂದಳು. ಏಳು ಹೊರಗೇ ಬರಲಿಲ್ಲ. ಸೊಸೆ ಬಗ್ಗಿ ನೋಡಿದರೆ ಮುದುಕಿಯ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಕೈ ಮಾತ್ರ ಹತ್ತರವರೆಗೂ ಸಡಿಲವಾಗಲಿಲ್ಲ.

ಬಿಟ್ಟ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಂತ್ರವನ್ನು ಕಿವಿಗೆ ಹಾಕಿಕೊಂಡಳು.

"ಈ ಕೈ ನೋಡು" ಎಂದಳು, ಎಡಗೈ ತೋರಿಸಿ. "ಆಸ್ಪತ್ರೇಲಿ ಬಟ್ಟೆ ಯಂತ್ರದ ರೋಲರಿಗೆ ಸಿಕ್ಕಿತ್ತು. ಮೂಳೆ ಕೂಡಿತು. ದಿನಾ ನೀವಿ ನೇರ ಮಾಡಿ ಅಂತ ಡಾಕ್ಟರು ಹೇಳಿದ್ರು. ನಮ್ಮಮ್ಮ ಮುಟ್ಟೋಳು, ನಾನು ಅಳೋಳು, ಪಾಪ ಅಂತ ಬಿಟ್ಟುಬಿಡೋಳು. ಹೀಗೇ ನಿಂತುಹೋಯ್ತು. ಬಟ್ಟೆ ಹಿಂಡ್ತಿದ್ದೋಳು ಆಮೇಲೆ ಇಪ್ಪತ್ತೆರಡು ವರ್ಷ ಅಲ್ಲೇ ಮೂಲೆಯಲ್ಲಿ ಕೂತು ರೋಗಿಗಳ ಅಂಗಿಗೆ ಗುಂಡಿ ಹೊಲಿದೆ. ನಮ್ಮಮ್ಮನ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಆ ಪಾಪ ಅನ್ನೋದು ನನ್ನ ಕೈ ತಿಂತು ನೋಡು."

ಸೊಸೆ ಮಂಡಿ ನೀವಿಕೊಂಡಳು. ಕಾಲು ಸಿಡಿಯುತ್ತಿತ್ತು. "ಸಂಜೆ ಎಷ್ಟೊತ್ತಿಗೆ, ಅತ್ತೆ?" ಎಂದು ಕೇಳಿದಳು.

"ಐದಕ್ಕೆ. ಮುಖ ತೊಳ್ಕೊಂಡು ಕೂತಿರು."

ದಿನಕ್ಕೆ ಮೂರು ಹೊತ್ತು ನಡೆಯಿತು. ಡ್ರೈವರ್ ಆ ಹೊತ್ತಿಗೆ ಮಾಸ್ಕ್ ಕಟ್ಟಿಕೊಂಡು, ತರಲು ಏನೂ ಇಲ್ಲದಿದ್ದರೂ ತರಕಾರಿ ತರಲು ಹೋಗುತ್ತಿದ್ದ. ಮನೆಯಲ್ಲಿ ಕೋಸು ಮೂರಾದವು. ಗೆರೆಗಳು ಬೆರಳು ಬೆರಳಾಗಿ ಹಿಂದೆ ಸರಿದವು. ಎರಡು ದಿನ ಮಂಡಿ ಊದಿಕೊಂಡು ಕೆಲಸ ನಿಂತಿತು. ಸೊಸೆ ಹಾಸಿಗೆಯಲ್ಲಿ ಬೆರಳು ಮಡಚಿ ದಿನ ಎಣಿಸಿದಳು. ಕೊನೆಯ ದಿನ ಹಿಮ್ಮಡಿ ಕೆಂಪು ಗೆರೆಯನ್ನು ಮುಟ್ಟಿತು. ಅತ್ತೆ ಹತ್ತರ ಬದಲು ಹದಿನೈದು ಎಣಿಸಿದಳು. ಮುಟ್ಟಿದ್ದು ನಂಬಿಕೆಯಾಗಬೇಕಲ್ಲ, ಅದಕ್ಕೆ.

ಡಿಪೋದ ಪರೀಕ್ಷೆಯಲ್ಲಿ ಅಧಿಕಾರಿ ಆರಡಿ ದೂರ ನಿಂತು ಒಂದು ಸಲ ಹತ್ತಿಸಿ, ಒಂದು ಸಲ ಇಳಿಸಿ, ಕಾಗದಕ್ಕೆ ಸಹಿ ಹಾಕಿದ. ಅವನಿಗೆ ಇನ್ನೂ ಹದಿನಾಲ್ಕು ಜನ ಕಾಯುತ್ತಿದ್ದರು.

ಬಸ್ಸು ಶುರುವಾದ ಮೊದಲ ದಿನ ಸೀಟುಗಳಲ್ಲಿ ಅರ್ಧಕ್ಕೆ ಅಡ್ಡಪಟ್ಟಿ ಅಂಟಿಸಿದ್ದರು. ಒಳಗೆ ಏಳೇ ಜನ. ಅವರ ಬೀದಿಯ ನಿಲ್ದಾಣದಲ್ಲಿ ಮುದುಕಿಯೊಬ್ಬಳು ಮಾಸ್ಕ್ ಹಾಕಿಕೊಂಡು, ಮಡಚಿದ ಕೈ ಎದೆಗೊತ್ತಿ ನಿಂತಿದ್ದಳು. ವಯಸ್ಸಾದವರು ಹೊರಗೆ ಬರಬಾರದೆಂದು ಆಗಲೂ ಕಟ್ಟಪ್ಪಣೆ ಇತ್ತು. ಡ್ರೈವರ್ ನಿಲ್ಲಿಸಿದ.

"ಅತ್ತೆ! ಎಲ್ಲಿಗೆ ಹೊರಟ್ರಿ?"

"ನಾನೆಲ್ಲಿಗೂ ಹೋಗಲ್ಲ" ಎಂದಳು ಅತ್ತೆ ಕೆಳಗಿನಿಂದ. "ನೀನು ಇಳಿ. ಇಳಿದು ಹತ್ತು. ನಾನು ನೋಡ್ಬೇಕು."

ಏಳು ಜನವೂ ಕತ್ತು ಚಾಚಿದರು. ಕಂಡಕ್ಟರಮ್ಮ ಇಳಿದಳು. ನೆಲದಲ್ಲಿ ನಿಂತು, ಬಲಗಾಲನ್ನು ಎತ್ತಿ ಮೊದಲ ಮೆಟ್ಟಿಲ ಮೇಲಿಟ್ಟಳು. ಮಂಡಿ ಚುಳುಕ್ಕೆಂದಿತು. ಕಂಬಿ ಹಿಡಿಯದೆ ಹತ್ತಿ ತಿರುಗಿ ನಿಂತಳು.

ಅತ್ತೆ ಅವಳ ಮಂಡಿಯನ್ನೇ ನೋಡುತ್ತ ನಿಂತಿದ್ದಳು.

"ಇನ್ನೊಂದ್ಸಲ" ಎಂದಳು.

ಕಂಡಕ್ಟರಮ್ಮ ಮತ್ತೆ ಇಳಿದಳು, ಮತ್ತೆ ಹತ್ತಿದಳು. ಕಣ್ಣೀರು ಮಾಸ್ಕಿನೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

"ಸರಿ, ಹೋಗು. ಜನಕ್ಕೆ ಹೊತ್ತಾಗುತ್ತೆ" ಎಂದು ಅತ್ತೆ ಮನೆಯ ಕಡೆ ತಿರುಗಿದಳು.