ಸೊಟ್ಟ ಹಲ್ಲು

ಮೇಣ ಕರಗುತ್ತಿದೆ, ಇನ್ನು ತುಸು ತಡೆದರೆ ಸುಟ್ಟೇ ಹೋಗುತ್ತದೆ, ಗುಲಾಬಿ ಮೇಣ, ಯಾರದೋ ಹಲ್ಲಿನ ಸೆಟ್ಟಿಗೆ ಒಸಡು, ಗಾಜಿನಾಚೆ ಅಣ್ಣ ಕೂತಿದ್ದಾನೆ, ತೊಡೆಯ ಮೇಲೆ ಹೆಲ್ಮೆಟ್ ಇಟ್ಟುಕೊಂಡು, ರೋಗಿಗಳ ನಡುವೆ ತಾನೂ ಒಬ್ಬ ರೋಗಿಯ ಹಾಗೆ — ಅಮ್ಮ ಹೋದ ಮೇಲೆ ಇವತ್ತೇ ಬಂದದ್ದು, ಅತ್ತಿಗೆ ಫೋನಿನಲ್ಲಿ ಹೇಳಿದ್ದಳು, ನಿಮ್ಮಣ್ಣ ಒಂದು ಮಾತು ಕೇಳ್ತಾರಂತೆ, ಸರಿಯಾಗಿ ಹೇಳಿಬಿಡು, ಇಲ್ಲಾಂದ್ರೆ ಇನ್ನು ನಿನ್ನ ಮುಖ ನೋಡಲ್ವಂತೆ. ಯಾವ ಮಾತು ಅಂತ ನಾನು ಕೇಳಲಿಲ್ಲ, ಕೇಳುವುದೇನಿದೆ, ಅಮ್ಮನ ಹೆಣದ ಮುಂದೆ ಯಾಕೆ ನಕ್ಕೆ. ಮುಗುಳ್ನಗೆಯೂ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ, ನೆಂಟರೆಲ್ಲ ಮುಖ ಮುಖ ನೋಡಿಕೊಂಡರು, ಚಿಕ್ಕಪ್ಪ ರಟ್ಟೆ ಹಿಡಿದು ಆಚೆ ಎಳೆದುಕೊಂಡು ಹೋದ, ಅಣ್ಣ ಮಾತ್ರ ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತಿದ್ದ. ನನಗೆ ಉಳಿದಿರುವುದು ಅವನೊಬ್ಬನೇ.

ಹಲ್ಲು ಕೂರಿಸಬೇಕು, ಮೊದಲು ಮುಂದಿನವು, ಆಮೇಲೆ ಪಕ್ಕದವು, ಹಲ್ಲಿನ ಸೆಟ್ಟು ಕಟ್ಟುವುದೇ ನನ್ನ ಕೆಲಸ, ಅಮ್ಮನದನ್ನೂ ನಾನೇ ಕಟ್ಟಿದ್ದು — ಮುತ್ತು ಪೋಣಿಸಿದ ಹಾಗೆ ಕೂರಿಸಿಕೊಟ್ಟರೆ ಕನ್ನಡಿ ನೋಡಿ ಮೂತಿ ತಿರುವಿದಳು, ಯಾರ ಬಾಯೇ ಇದು, ನನ್ನ ಮುಂದಿನ ಹಲ್ಲು ಸೊಟ್ಟಗಿತ್ತಲ್ಲ, ಸೊಟ್ಟಗೇ ಕೂರಿಸು, ಇಲ್ಲಾಂದ್ರೆ ಮೇಲೆ ಹೋದಾಗ ನಿಮ್ಮಪ್ಪ ನನ್ನ ಗುರುತೇ ಹಿಡಿಯಲ್ಲ, ಕ್ಲಿನಿಕ್ಕಿನ ಡಾಕ್ಟರು ಬಿದ್ದು ಬಿದ್ದು ನಕ್ಕರು, ನಾನು ಮೇಣ ಬಿಸಿ ಮಾಡಿ ಕೂದಲೆಳೆಯಷ್ಟು ತಿರುಗಿಸಿದೆ. ಹೋದ ದಿನ ಮಲಗಿಸಿದ್ದ ಅಮ್ಮನ ತುಟಿ ಸ್ವಲ್ಪ ತೆರೆದಿತ್ತು, ಆ ಹಲ್ಲು ಕಂಡಿತು, ಅಷ್ಟೇ. ಅವಳ ತಮಾಷೆ ನೆನಪಾಗಿ ನಕ್ಕೆನೇ, ಇಲ್ಲ, ಅದು ನೆನಪಾದದ್ದು ಆಮೇಲೆ. ಸಂತೋಷವೇ, ಛೀ. ದುಃಖವೇ — ದುಃಖ ನನಗೆ ಗೊತ್ತು, ಈಗಲೂ ಅವಳ ಸೀರೆ ಮಡಚುವಾಗ ಬರುತ್ತದೆ, ಅದು ಬೇರೆ. ಶಾಕ್ ಆಗಿತ್ತು ಅಂತ ಹೇಳಮ್ಮ, ಎಲ್ಲರೂ ಒಪ್ತಾರೆ, ಅಂದರು ಡಾಕ್ಟರು, ಒಪ್ಪುತ್ತಾರೆ, ಅಣ್ಣ ಒಪ್ಪಲೆಂದೇ ಬಂದಿದ್ದಾನೆ ಪಾಪ, ಆದರೆ ಅಮ್ಮನ ವಿಷಯದಲ್ಲಿ ಅವನಿಗೆ ಸುಳ್ಳು ಹೇಗೆ ಹೇಳಲಿ, ನಿಜ ಹೇಳೋಣವೆಂದರೆ ಅದು ನನಗೇ ಗೊತ್ತಿಲ್ಲ.

ಅಣ್ಣ ಬಾಗಿಲು ತೆಗೆದ, ಎಷ್ಟು ಸೊರಗಿದ್ದಾನೆ, ಸುಳ್ಳೇ ಹೇಳಿಬಿಡುತ್ತೇನೆ, ನನಗೆ ಇವನು ಬೇಕು, ನೋಡು ಪುಟ್ಟಿ ಅಂತಾನೆ, ಎಷ್ಟು ದಿನವಾಯಿತು ಪುಟ್ಟಿ ಅನ್ನಿಸಿಕೊಂಡು, ನಂಗೆ ಅರ್ಥ ಆಗೋ ಹಾಗೆ ಒಂದೇ ಒಂದು ಮಾತು ಹೇಳು, ಸಾಕು, ಅಂತ ಅಳು ತಡೆಯಲು ಬಾಯಿ ಬಿಗಿಯುತ್ತಾನೆ, ಆಗುವುದಿಲ್ಲ, ತುಟಿ ತೆರೆಯುತ್ತದೆ, ಇವನ ಬಾಯಲ್ಲೂ ಅಮ್ಮನದೇ ಹಲ್ಲು, ಮುಂದಿನದು, ಕೂದಲೆಳೆಯಷ್ಟು ಸೊಟ್ಟ, ಹುಟ್ಟಿದಾಗಿನಿಂದ ನೋಡಿದ್ದೇ, ಆದರೂ ಹೊಟ್ಟೆಯೊಳಗಿಂದ ಅದೇ ನಗು ಏಳುತ್ತಿದೆ, ಬೇಡ, ದೇವರೇ ಬೇಡ, ಮೇಣ ಸುಟ್ಟ ವಾಸನೆ, ತುಟಿ ಕಚ್ಚಿ ಹಿಡಿಯುತ್ತೇನೆ, ಆ ಹಲ್ಲು, ಸೊಟ್ಟ, ಆ ಹಲ್ಲು —