ಹೊಸ ಡಬ್ಬ ಯಾರ ಮೇಜಿಗೆ

ಹೊಸ ಕಂಪ್ಯೂಟರಿಗೆ ನಮ್ಮ ಕಚೇರಿಯ ಮೂರು ತಿಂಗಳ ಬಾಡಿಗೆಯಷ್ಟು ದುಡ್ಡು ಬೇಕು. ಹಳೆಯದನ್ನು ಮಾರಿದರೆ ಒಂದು ಕುರ್ಚಿಗಾಗುವಷ್ಟೂ ಹುಟ್ಟುವುದಿಲ್ಲ. ಹಾಗಾಗಿ ನಾವು ಕೊಳ್ಳುತ್ತಿದ್ದುದು ನಾಲ್ಕು ವರ್ಷಕ್ಕೊಂದು. ಹೊಸದು ಮನೆಗೂ ಕಚೇರಿಗೂ ಯಜಮಾನರಾದ ನನ್ನ ಗಂಡನ ಮೇಜಿಗೆ, ಅವರದು ಲೆಕ್ಕ ಬರೆಯುವ ನನಗೆ, ನನ್ನದು ಮನೆಗಳ ನಕ್ಷೆ ಬಿಡಿಸುವ ನನ್ನ ತಂಗಿಗೆ. ದೊಡ್ಡವರ ಅಂಗಿ ಚಿಕ್ಕವರಿಗೆ ಇಳಿದು ಬಂದ ಹಾಗೆ.

ಈ ವರ್ಷ ಕೊಳ್ಳುವ ಸರದಿ ಬಂದಾಗಲೇ ನಕ್ಷೆಯ ಸಾಫ್ಟ್‌ವೇರ್ ಕೂಡ ಹೊಸದಾಯಿತು. ತಂಗಿಯ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ನಕ್ಷೆಯಲ್ಲಿ ಒಂದು ಗೋಡೆ ಸರಿಸಿದರೆ ಪರದೆಯ ಮೇಲೆ ಮಹಡಿಯೆಲ್ಲ ಮತ್ತೆ ಮೂಡುವ ತನಕ ಅವಳು ಕೈಕಟ್ಟಿ ಕೂರಬೇಕು. ಪಕ್ಕದ ಬೀದಿಯ ಕಚೇರಿಯವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ಸೋಮವಾರ ಉತ್ತರ ಹೇಳಬೇಕಿತ್ತು. ಅವಳು ಹೋದರೆ ನಮ್ಮಲ್ಲಿ ನಕ್ಷೆ ಬಿಡಿಸುವವರೇ ಇಲ್ಲ.

"ಇನ್ಮೇಲೆ ಎರಡು ವರ್ಷಕ್ಕೊಂದು ತಗೊಳ್ಳೋಣ. ಬೇಗ ಬೇಗ ಕೆಳಗಿಳಿಯುತ್ತೆ," ಎಂದರು ಯಜಮಾನರು.

"ನನ್ನ ಹತ್ರ ಬರೋ ಹೊತ್ತಿಗೆ ಅದಕ್ಕೆ ಮೊಮ್ಮಕ್ಕಳಾಗಿರ್ತವೆ ಭಾವ," ಎಂದಳು ತಂಗಿ.

"ನಿಮ್ಮದರಲ್ಲಿ ನೀವು ಏನು ಕೆಲಸ ಮಾಡ್ತೀರಿ?" ಎಂದು ನಾನು ಯಜಮಾನರನ್ನು ಕೇಳಿದೆ.

"ಪತ್ರ ಬರೀತೀನಿ. ಬಂದಿದ್ದು ಓದ್ತೀನಿ."

"ಆಮೇಲೆ ಇಸ್ಪೀಟು," ಎಂದಳು ತಂಗಿ.

ಅವರು ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು. "ಬಂದ ಗಿರಾಕಿ ಮೊದಲು ನೋಡೋದೇ ನನ್ನ ಮೇಜನ್ನ. ಅಲ್ಲಿ ಹಳೇದಿದ್ರೆ ಏನು ಮರ್ಯಾದೆ?"

ಮಾತಿನಲ್ಲಿ ಹುರುಳಿತ್ತು. ಆದರೆ ಗಿರಾಕಿಗೆ ಕಾಣುವುದು ಪರದೆ. ಕೆಲಸ ಮಾಡುವ ಡಬ್ಬ ಮೇಜಿನ ಕೆಳಗೆ, ಕಾಲಿನ ಹತ್ತಿರ ಇರುತ್ತದೆ.

"ಒಂದು ಕೆಲಸ ಮಾಡೋಣ ರೀ," ಎಂದೆ. "ಹೊಸ ಪರದೆ ನಿಮಗೆ, ಹೊಸ ಡಬ್ಬ ಇವಳಿಗೆ. ಮುಂದಿನ ಸಲ ಇವಳ ಡಬ್ಬ ನಿಮಗೆ ಬರಲಿ. ಪತ್ರ ಬರೆಯೋಕೆ ಧಾರಾಳವಾಯ್ತು."

"ಅಂದ್ರೆ ನಾದಿನಿ ಬಿಟ್ಟಿದ್ದನ್ನ ನಾನು ತೊಟ್ಕೋಬೇಕಾ?"

"ಒಗೆದು ಇಸ್ತ್ರಿ ಮಾಡಿ ಕೊಡ್ತೀನಿ ಭಾವ."

ಅವರಿಗೂ ನಗು ತಡೆಯಲಾಗಲಿಲ್ಲ.

ಶನಿವಾರ ಹೊಸ ಪರದೆ ಯಜಮಾನರ ಮೇಜೇರಿತು, ಡಬ್ಬವೂ ಬಂತು. ಯಜಮಾನರೇ ಸೊಂಟ ಹಿಡಿದುಕೊಂಡು ಬಗ್ಗಿ, ತಂಗಿಯ ಮೇಜಿನ ಕೆಳಗೆ ಅದನ್ನು ಕೂರಿಸಿ ವೈರು ಸಿಕ್ಕಿಸಿದರು. ಅವಳು ಒಂದು ಗೋಡೆ ಸರಿಸಿದಳು. ಕೈ ತೆಗೆಯುವಷ್ಟರಲ್ಲಿ ಮಹಡಿ ಮೂಡಿ ನಿಂತಿತ್ತು. ಇನ್ನೊಂದು ಗೋಡೆಯನ್ನು ಸುಮ್ಮನೆ, ಖುಷಿಗೆ ಸರಿಸಿದಳು. ಸೋಮವಾರ ಪಕ್ಕದ ಬೀದಿಗೆ ಫೋನ್ ಮಾಡಿ, ತಾನು ಬರುವುದಿಲ್ಲವೆಂದಳು.

ಎರಡು ವರ್ಷಕ್ಕೊಮ್ಮೆ ಕೊಳ್ಳುವ ಖರ್ಚು ಉಳಿಯಿತು, ತಂಗಿಯೂ ಉಳಿದಳು. ಯಜಮಾನರು ಕಳೆದುಕೊಂಡದ್ದು ಹೊಸ ಡಬ್ಬದ ಮೇಲಿನ ಹಕ್ಕೊಂದನ್ನೇ.