ಬಿಸಿಲಿಗೆ ಹರವಿದ ಮರಳು

ಈ ಕೆಂಪು ದೀಪದಲ್ಲಿ ಉಗುರಿಗೂ ಚರ್ಮಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ, ಕೈಯೆಲ್ಲ ಒಂದೇ ಬಣ್ಣ, ಜರಡಿಯಲ್ಲಿ ಮರಳು ಸರಸರ ಅನ್ನುತ್ತಿದೆ, ಹೊರಗೆ ಮಧ್ಯಾಹ್ನವಂತೆ, ಇದ್ದರೆ ಇರಲಿ, ಎರಡು ಬಾಗಿಲು, ಕರಿ ಪರದೆ ದಾಟಿ ಯಾವ ಮಧ್ಯಾಹ್ನವೂ ಇಲ್ಲಿಗೆ ಬರುವುದಿಲ್ಲ, ಬರಲೂಬಾರದು, ಮರಳಿನ ಕಣ ಮಣ್ಣಿನಡಿ ಹೂತುಹೋದ ದಿನದಿಂದ ಸುತ್ತಲಿನ ಸಣ್ಣ ವಿಕಿರಣವನ್ನು ಒಳಗೆ ಕೂಡಿಟ್ಟುಕೊಳ್ಳುತ್ತ ಹೋಗುತ್ತದೆ, ಯಂತ್ರದಲ್ಲಿಟ್ಟು ನೀಲಿ ಬೆಳಕು ತೋರಿಸಿದರೆ ಅಷ್ಟನ್ನೂ ಮಿನುಗಿ ಒಪ್ಪಿಸಿಬಿಡುತ್ತದೆ, ಎಷ್ಟು ಮಿನುಗಿತೋ ಅಷ್ಟು ಕಾಲ ಕತ್ತಲಲ್ಲಿತ್ತು, ದೊಡ್ಡ ಮಳೆ ಅದನ್ನು ತಂದು ಹಾಕಿದ್ದು ಅಷ್ಟು ಹಿಂದೆ — ಆದರೆ ಒಮ್ಮೆ ಬಿಸಿಲು ಕಂಡರೆ ಮುಗಿಯಿತು, ಎಲ್ಲ ಅಳಿಸಿ ಸೊನ್ನೆ. ಊಟಕ್ಕೆ ಕೂತಾಗ ಅವನು ಇದನ್ನು ಅತ್ತೆಗೆ ಎಷ್ಟು ಸಲ ಹೇಳಿರಲಿಲ್ಲ, ಅಮ್ಮಾ, ನಿನ್ನ ಸೊಸೆ ಬಾವಲಿ ಕಣಮ್ಮ, ಬೆಳಕು ಬಿದ್ರೆ ಅವಳ ಮರಳು ಸತ್ತುಹೋಗುತ್ತೆ, ಅತ್ತೆ ನಗುತ್ತಿದ್ದರು, ಮರಳಿಗೆ ಎಂಥ ಜೀವವೋ, ನಿನ್ನ ತಲೆ, ಮೊದಲು ಊಟ ಮಾಡು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು, ಮಗ ಉಂಡನೋ ಇಲ್ಲವೋ ಎಂಬುದಷ್ಟೇ ಅವರ ಚಿಂತೆ. ತಟ್ಟೆಯ ತುಂಬ ಮರಳು, ಅದರ ಮೇಲೆ ಅತ್ತೆಯ ಅಂಗೈ.

ಹೊಳೆಯ ದಂಡೆಗೆ ಕೊಳವೆ ಬಡಿದು ಇಳಿಸಿದ್ದು ಅವನೇ, ಕಿತ್ತು ಎರಡೂ ಬಾಯಿಗೆ ಕರಿ ಟೇಪು ಸುತ್ತಿ ಚೀಲಕ್ಕೆ ಹಾಕಿದ್ದೂ ಅವನೇ, ಅತಿ ಕೆಳಗಿನ ಪದರ ಸಿಕ್ತು ಕಣೇ ಬಾವಲಿ, ಫೋನಿನಲ್ಲಿ ಏನು ಹಿಗ್ಗು, ಈ ಮರಳು ದೂರದ ಗುಡ್ಡದ್ದೇ, ಬೇಕಿದ್ರೆ ಪಂದ್ಯ, ಸೋತವರು ಪಾತ್ರೆ ತೊಳೀಬೇಕು, ಅಂಥ ಮಳೆ ಯಾವಾಗ ಸುರೀತು ಅಂತ ಮಾತ್ರ ನೀನೇ ಹೇಳ್ಬೇಕು, ಇರು, ಇನ್ನೊಂದು ಅಳತೆ ತಗೊಂಡು ಫೋನ್ ಮಾಡ್ತೀನಿ — ಮಾಡಲಿಲ್ಲ, ದಂಡೆ ಕುಸಿಯಿತು, ಪದರವೂ ಹೋಯಿತು, ಅವನೂ ಹೋದ. ಇನ್ನೊಂದು ಕೊಳವೆ ತರೋಣವೆಂದರೆ ಅಲ್ಲಿ ಈಗ ನೀರಷ್ಟೇ ಇದೆ. ಆಸ್ಪತ್ರೆಯವರು ಚೀಲವನ್ನು ಅತ್ತೆಯ ಕೈಗೆ ಕೊಟ್ಟರು, ನಾನು ನೋಡಲಿಲ್ಲ, ನಾನು ಏನನ್ನೂ ನೋಡುತ್ತಿರಲಿಲ್ಲ, ಮರುದಿನ ಎದ್ದು ಮಹಡಿ ಹತ್ತಿದರೆ ತಂತಿಯ ಮೇಲೆ ಅವನ ಅಂಗಿ, ಮಗುಚಿಟ್ಟ ಬೂಟು, ಬಿರುಬಿಸಿಲಲ್ಲಿ ತಟ್ಟೆ ಮುಂದಿಟ್ಟುಕೊಂಡು ಅತ್ತೆ, ಪಕ್ಕದಲ್ಲಿ ಬರಿದಾದ ಕೊಳವೆ, ಎಲ್ಲಾ ಒದ್ದೆಯಾಗಿತ್ತು ಕಣಮ್ಮ, ಅವನು ಜೋಪಾನವಾಗಿ ಕಟ್ಟಿಟ್ಟಿದ್ದು ಇದು, ಮುಗ್ಗಿಹೋಗಬಾರದಲ್ವಾ, ಒಣಗಿಸ್ತಿದೀನಿ. ಚೆನ್ನಾಗಿ ಒಣಗಿದೆ ಅತ್ತೆ ಅಂದೆ, ಪಕ್ಕದಲ್ಲಿ ಕೂತೆ, ಅವರ ಬೆರಳು ನಿಲ್ಲಲಿಲ್ಲ.

ಬಿಟ್ಟುಬಿಡಮ್ಮ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ, ಅಂದರು ನಮ್ಮ ಮೇಷ್ಟ್ರು, ಈ ಪ್ರಯೋಗಾಲಯ ಕಟ್ಟಿದವರು, ಅವರ ಕಣ್ಣೂ ತುಂಬಿತ್ತು, ಆದರೂ ನಾನು ತಟ್ಟೆಯ ತಳದ ಮರಳನ್ನು ಕರಿ ಚೀಲದಲ್ಲಿ ತಂದಿದ್ದೇನೆ, ತಳದ್ದಕ್ಕೆ ಬಿಸಿಲು ತಾಗಿರಲಿಕ್ಕಿಲ್ಲ, ಮೇಲಿನದು ಅದನ್ನು ಮುಚ್ಚಿಕೊಂಡಿರಬಹುದು, ಒಂದು ಚಿಟಿಕೆ ಸಾಕು. ಎಲ್ಲಿಂದ ಬಂದೆ ಎಂದರೆ ಮರಳು ಈಗಲೂ ಹೇಳುತ್ತದೆ, ಬಿಸಿಲು ಅದನ್ನು ಅಳಿಸಲಾರದು, ಬೆಳಿಗ್ಗೆ ಒಂದಿಷ್ಟಕ್ಕೆ ಹೊಸದಾಗಿ ವಿಕಿರಣ ಉಣಿಸಿ ನೋಡಿದೆ, ಹೆಚ್ಚು ದೂರ ಅಲೆದ ಕಣ ಹೆಚ್ಚು ಹೊಳೆಯುತ್ತದೆ, ಇದೂ ಜೋರಾಗಿ ಹೊಳೆಯಿತು, ದೂರದ ಗುಡ್ಡದ್ದೇ, ನೀನೇ ಗೆದ್ದೆ ಮಾರಾಯ, ಬಾ, ಪಾತ್ರೆ ನಾನೇ ತೊಳೆಯುತ್ತೇನೆ, ದಿನಾ ತೊಳೆಯುತ್ತೇನೆ. ಯಾವಾಗ ಅನ್ನುವುದೊಂದು ಬೇಕು ನನಗೆ, ನೀನು ಕೇಳಿದ್ದು ಅದೊಂದೇ. ತಳದ ಚಿಟಿಕೆಯನ್ನು ಯಂತ್ರಕ್ಕಿಟ್ಟೆ, ಗುಂಡಿ ಒತ್ತಿದೆ, ಕಣ ಮಿನುಗಿದರೆ ಏಳಬೇಕಾದ ಗೆರೆ ಏಳುತ್ತಿಲ್ಲ, ಇನ್ನೊಂದು ಚಿಟಿಕೆ, ಇಲ್ಲ, ಮತ್ತೊಂದು, ನೆಲಕ್ಕೆ ಅಂಟಿಕೊಂಡೇ ಹೋಗುತ್ತಿದೆ, ಸೊನ್ನೆ, ತಳದ್ದೂ ಸೊನ್ನೆ, ಹಾಗಾದರೆ ಅತ್ತೆ ಸುಮ್ಮನೆ ಹರವಿ ಬಿಟ್ಟಿಲ್ಲ, ಹೆಂಟೆಯನ್ನೆಲ್ಲ ಹೆಬ್ಬೆರಳಲ್ಲಿ ಒಡೆದಿದ್ದಾರೆ, ಅಡಿಯದನ್ನು ಮೇಲೆ ತಂದಿದ್ದಾರೆ, ಮತ್ತೆ ಅಡಿಯದನ್ನು ಮೇಲೆ, ಮಗನದೊಂದು ಕಣವೂ ಒದ್ದೆಯಾಗಿ ಉಳಿಯಬಾರದೆಂದು, ಬಿಸಿಲು, ತಟ್ಟೆ, ಹರವುತ್ತಿರುವ ಅಂಗೈ, ಅಂಗೈ